ನಿದ್ದೆಯಿಂದೆದ್ದ ಯಂತ್ರವೂ ಅದರ ಸೇವೆಗಳೂ

ಲಿನಕ್ಸ್ ಕಂಪ್ಯೂಟರನ್ನು ಮಲಗಿಸಿ ಎಬ್ಬಿಸಿದರೆ ಪರದೆ ಬೆಳಗುತ್ತದೆ, ಕೀಲಿಗಳು ಓಗೊಡುತ್ತವೆ. ಆದರೆ ಹಿನ್ನೆಲೆಯಲ್ಲಿ ನಡೆಯಬೇಕಾದ ಕೆಲಸವೊಂದು ಸದ್ದಿಲ್ಲದೆ ನಿಂತಿರುವುದುಂಟು. ವಾಚನಾಲಯವೊಂದರ ಹಳೆಯ ಸಂಚಿಕೆಗಳ ಪ್ರತಿಗಳನ್ನು ಪ್ರತಿರಾತ್ರಿ ದೂರದ ಊರಿನ ಯಂತ್ರಕ್ಕೆ ಕಳುಹಿಸುವ ಏರ್ಪಾಡಿದೆಯೆಂದು ಇಟ್ಟುಕೊಳ್ಳೋಣ. ಅದು ಹೀಗೆ ನಿಂತಿದ್ದರೆ, ಮುಂದೊಂದು ದಿನ ಡಿಸ್ಕು ಕೆಟ್ಟಾಗಲೇ ಸಂಗತಿ ತಿಳಿಯುವುದು. ಆಗ ತಿಳಿದು ಪ್ರಯೋಜನವಿಲ್ಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಚಾರಿಸೋಣ.

ಯಂತ್ರವನ್ನು ಆರಿಸುವುದು ಬೇರೆ, ಮಲಗಿಸುವುದು ಬೇರೆ. ಆರಿಸಿದಾಗ ಸೇವೆಗಳೆಲ್ಲ ಕ್ರಮವಾಗಿ ಮುಗಿಯುತ್ತವೆ. ಮಲಗಿಸಿದಾಗಲಾದರೋ ಅವು ಇದ್ದಲ್ಲಿಯೇ ಹೆಪ್ಪುಗಟ್ಟುತ್ತವೆ. ಮೆಮೊರಿಯನ್ನು ಉಳಿಸುವಷ್ಟು ಅಲ್ಪ ವಿದ್ಯುತ್ತು ಮಾತ್ರ ಹರಿಯುತ್ತಿರುತ್ತದೆ. ಎದ್ದಮೇಲೆ ಪ್ರತಿಯೊಂದು ಸೇವೆಯೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ತಾನು ಮಲಗಿದ್ದೆನೆಂಬುದೇ ಅದಕ್ಕೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಮುಚುಕುಂದನು ಗುಹೆಯಲ್ಲಿ ಎಚ್ಚತ್ತಾಗ ಹೊರಗೆ ಯುಗವೇ ಕಳೆದಿತ್ತಲ್ಲವೆ? ಇಲ್ಲಿಯೂ ಹಾಗೆಯೇ. ಆಚೆಯ ಯಂತ್ರವು ಉತ್ತರಕ್ಕಾಗಿ ಕಾದು ಸಂಪರ್ಕವನ್ನು ಕಡಿದುಕೊಂಡಿರುತ್ತದೆ; ಈಚೆಯ ಸೇವೆ ಮಾತ್ರ ಅದು ಇನ್ನೂ ಇದೆಯೆಂದೇ ನಂಬಿರುತ್ತದೆ. ಸಂಪರ್ಕ ಜೀವಂತವಾಗಿದೆಯೇ ಎಂದು ತಟ್ಟಿ ನೋಡುವ ಏರ್ಪಾಡು ಲಿನಕ್ಸಿನಲ್ಲಿದೆ ನಿಜ. ಆದರೆ ಪ್ರೋಗ್ರಾಂ ಕೇಳಿದರೆ ಮಾತ್ರ ಅದು ನಡೆಯುತ್ತದೆ. ಬೇರೆ ಅವಧಿ ಗೊತ್ತುಮಾಡದಿದ್ದರೆ, ಮೊದಲ ತಟ್ಟು ಬೀಳುವುದು 7200 ಸೆಕೆಂಡು, ಎಂದರೆ 2 ಗಂಟೆ ಕಳೆದ ಮೇಲೆ.

ಹಾಗಾದರೆ ಮಾಡತಕ್ಕದ್ದೇನು? 2010ರಲ್ಲಿ ಹೊರಬಂದ ಸಿಸ್ಟಂ-ಡಿ ಇಂದು ಹೆಚ್ಚಿನ ಲಿನಕ್ಸ್ ವಿತರಣೆಗಳಲ್ಲಿ ಸೇವೆಗಳ ಮೇಲ್ವಿಚಾರಕ. ಯಂತ್ರವು ಮಲಗಿ ಎದ್ದ ಬಳಿಕವೇ ಅದರ 'ಸಸ್ಪೆಂಡ್.ಟಾರ್ಗೆಟ್' ಎಂಬ ಘಟ್ಟ ತಲುಪಿದಂತಾಗುತ್ತದೆ. ಈ ಗುಣವನ್ನೇ ನಾವು ಬಳಸಿಕೊಳ್ಳಬಹುದು. ಒಂದು ಸಣ್ಣ ಸೇವಾಕಡತವನ್ನು ಬರೆದು, ಅದರಲ್ಲಿ ನಾಲ್ಕು ಸಂಗತಿಗಳನ್ನು ಹೇಳಬೇಕು. ಮೊದಲ ಭಾಗದಲ್ಲಿ 'ಆಫ್ಟರ್=ಸಸ್ಪೆಂಡ್.ಟಾರ್ಗೆಟ್'. ಎರಡನೆಯದರಲ್ಲಿ 'ಟೈಪ್=ಒನ್‌ಶಾಟ್' ಎಂದೂ, 'ಎಕ್ಸೆಕ್‌ಸ್ಟಾರ್ಟ್=' ಎಂಬುದರ ಮುಂದೆ 'ಸಿಸ್ಟಂಸಿಟಿಎಲ್ ಟ್ರೈ-ರೀಸ್ಟಾರ್ಟ್' ಎಂದು ಬರೆದು ಬೇಕಾದ ಸೇವೆಯ ಹೆಸರನ್ನೂ ಕೊಡಬೇಕು. ಕೊನೆಯ ಭಾಗದಲ್ಲಿ 'ವಾಂಟೆಡ್‌ಬೈ=ಸಸ್ಪೆಂಡ್.ಟಾರ್ಗೆಟ್'. ಬಳಿಕ 'ಸಿಸ್ಟಂಸಿಟಿಎಲ್ ಎನೇಬಲ್' ಆಜ್ಞೆಯಿಂದ ಈ ಕಡತವನ್ನು ಜಾರಿಗೆ ತರಬೇಕು. ಇಲ್ಲಿ ಕನ್ನಡದಲ್ಲಿ ಕೊಟ್ಟ ಆಜ್ಞೆಗಳನ್ನು ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯತಕ್ಕದ್ದು.

ಬರಿಯ 'ರೀಸ್ಟಾರ್ಟ್' ಎನ್ನದೆ 'ಟ್ರೈ-ರೀಸ್ಟಾರ್ಟ್' ಎಂದುದೇಕೆ? ನಾವು ಬೇಕೆಂದೇ ನಿಲ್ಲಿಸಿಟ್ಟ ಸೇವೆಯನ್ನು ಇದು ಎಬ್ಬಿಸುವುದಿಲ್ಲ. ನಡೆಯುತ್ತಿದ್ದುದನ್ನು ಮಾತ್ರ ಹೊಸದಾಗಿ ಆರಂಭಿಸುತ್ತದೆ.

ಇನ್ನೊಂದು ತೊಡಕುಂಟು. ಯಂತ್ರ ಎದ್ದ ಕೂಡಲೇ ವೈಫೈ ಸಿದ್ಧವಾಗಿರುವುದಿಲ್ಲ. 'ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್' ಎಂಬುದಕ್ಕೆ ಕಾಯೋಣವೆಂದರೆ, ಅದು ಯಂತ್ರವನ್ನು ಹೊತ್ತಿಸಿದಾಗಲೇ ತಲುಪಿದ ಘಟ್ಟ. ಎದ್ದಮೇಲೆ ಅದು ಯಾರನ್ನೂ ಕಾಯಿಸುವುದಿಲ್ಲ. ಆದುದರಿಂದ ಮೂಲ ಸೇವೆಯಲ್ಲಿಯೇ 'ರೀಸ್ಟಾರ್ಟ್=ಆನ್-ಫೇಲ್ಯೂರ್', 'ರೀಸ್ಟಾರ್ಟ್‌ಸೆಕ್=10' ಎಂದು ಸೇರಿಸುವುದು ಲೇಸು. ಸಂಪರ್ಕ ಸಿಗದೆ ಸೇವೆ ಸೋತು ನಿಂತರೆ, 10 ಸೆಕೆಂಡು ಬಿಟ್ಟು ಮತ್ತೆ ಪ್ರಯತ್ನ ನಡೆಯುತ್ತದೆ.

ಎಲ್ಲ ಸೇವೆಗಳಿಗೂ ಈ ಚಿಕಿತ್ಸೆ ಬೇಡ. ಎದ್ದಮೇಲೆ ತಾವಾಗಿಯೇ ಸರಿಹೋಗುವುವು ಅನೇಕ. ಅವನ್ನು ಅವುಗಳ ಪಾಡಿಗೆ ಬಿಡಬೇಕು. ಕಡೆಯದಾಗಿ ಪರೀಕ್ಷೆ. 'ಸಿಸ್ಟಂಸಿಟಿಎಲ್ ಸ್ಟೇಟಸ್' ಆಜ್ಞೆ 'ರನ್ನಿಂಗ್' ಎಂದು ತೋರಿಸಿದ ಮಾತ್ರಕ್ಕೆ ಕೆಲಸ ಆಗುತ್ತಿದೆಯೆಂದು ನಂಬಬಾರದು. ಹೆಪ್ಪುಗಟ್ಟಿ ಎದ್ದ ಸೇವೆಯೂ ಹಾಗೆಯೇ ತೋರುತ್ತದೆ. ಯಂತ್ರವನ್ನು ಮಲಗಿಸಿ ಎಬ್ಬಿಸಿ, 'ಜರ್ನಲ್‌ಸಿಟಿಎಲ್'ನಲ್ಲಿ ದಾಖಲೆಯನ್ನು ಓದಿ, ಹೊಸದೊಂದು ಪುಟವು ಆಚೆಯ ಊರಿನ ಯಂತ್ರವನ್ನು ತಲುಪಿತೇ ಎಂದು ಅಲ್ಲಿಯೇ ನೋಡಬೇಕು. ಅದು ತಲುಪಿದ್ದರೆ ಏರ್ಪಾಡು ಸರಿಯಾಯಿತೆಂದು ತಿಳಿಯಬಹುದು.