“ಅಮ್ಮಾ, ಆಮೆ ಸಿಕ್ತು!”

ಮಳೆ ಹಿಡಿದ ಮೊದಲ ವಾರಗಳಲ್ಲಿ ಪುಣೆ ಬಳಿಯ ಚಾಕಣದ ಮಕ್ಕಳು ಈ ಸುದ್ದಿ ಹೊತ್ತು ಓಡಿಬಂದರೆ ಗದರಬೇಡಿ. ಬಕೆಟ್ ಹುಡುಕಲೂ ಹೋಗಬೇಡಿ.

ಕೆಲಸಕ್ಕೆಂದು ಇಲ್ಲಿಗೆ ಬಂದ ನಮ್ಮ ಕನ್ನಡದವರಿಗೆ ಭೀಮಾ ನದಿ ಹೊಸಬಳಲ್ಲ. ಇಲ್ಲಿನ ಭಾಮಾ, ಇಂದ್ರಾಯಣಿ ಎರಡೂ ಸೇರುವುದು ಮುಂದೆ ವಿಜಯಪುರ, ಕಲಬುರಗಿಗೆ ಹರಿದುಬರುವ ಅದೇ ಭೀಮೆಗೆ. ಇಲ್ಲಿಗೆ ಆಮೆಗಳೂ ಹೊಸವಲ್ಲ: 1872ರಲ್ಲಿ ಪ್ರಾಣಿವಿಜ್ಞಾನಿ ಜಾನ್ ಎಡ್ವರ್ಡ್ ಗ್ರೇ ವಿಜ್ಞಾನಕ್ಕೆ ಪರಿಚಯಿಸಿದ ಲೀತ್ ಮೆದುಚಿಪ್ಪಿನ ಆಮೆಯ ಮಾದರಿ ಸಿಕ್ಕಿದ್ದು ಪುಣೆಯಲ್ಲಿ. ಇಂದು ಅದು ಅಳಿವಿನಂಚಿನಲ್ಲಿದೆ. ಆದರೆ ಮಕ್ಕಳ ಕಣ್ಣಿಗೆ ಹೆಚ್ಚಾಗಿ ಬೀಳುವುದು ಅದೇ ಮೆದುಚಿಪ್ಪಿನ ಗುಂಪಿನ ಫ್ಲಾಪ್‌ಶೆಲ್ ಆಮೆ. ಬೇಸಿಗೆಯಲ್ಲಿ ಕೆಸರಿನೊಳಗೆ ಹುದುಗಿದ್ದು, ಮಳೆ ಬಂದಾಗ ಬೇರೆ ನೀರು ಹುಡುಕಿ ಹೊರಡುತ್ತದೆ. ಅದು ದಾರಿ ತಪ್ಪಿ ಬಂದದ್ದಲ್ಲ.

ಹಾಗಾಗಿ ದೂರ ನಿಂತು ನೋಡಿದರೆ ಸಾಕು. ರಸ್ತೆಯ ನಡುವೆ ಇದ್ದರೆ ಮಾತ್ರ ಎತ್ತಬೇಕು, ಅದೂ ದೊಡ್ಡವರೇ, ವಾಹನ ನೋಡಿಕೊಂಡು. ಮೆದುಚಿಪ್ಪಿನ ಆಮೆಯ ಕತ್ತು ನೀವು ಎಣಿಸಿದ್ದಕ್ಕಿಂತ ಬಹಳ ಉದ್ದ. ಅದನ್ನು ಬೆನ್ನ ಮೇಲಕ್ಕೆ ಹೊರಳಿಸಿ ಕಚ್ಚಬಲ್ಲದು. ಚಿಪ್ಪನ್ನು ಹಿಂಗಾಲುಗಳ ಹತ್ತಿರ ಎರಡೂ ಕೈಯಿಂದ ಹಿಡಿಯಿರಿ. ಧೈರ್ಯ ಸಾಲದಿದ್ದರೆ ಅಗಲವಾದ ಬುಟ್ಟಿಯೊಳಕ್ಕೆ ಮೆಲ್ಲಗೆ ತಳ್ಳಿ. ಬಾಲ ಹಿಡಿದು ನೇತಾಡಿಸಬೇಡಿ, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಅದು ಯಾವ ಕಡೆ ಮುಖ ಮಾಡಿತ್ತೋ ಆ ಬದಿಯಲ್ಲೇ ಇಳಿಸಿ. ಹಿಂದಕ್ಕೆ ಬಿಟ್ಟರೆ ಮತ್ತೆ ರಸ್ತೆಗೇ ಬರುತ್ತದೆ.

ಬಕೆಟ್ ಬೇಡವೆಂದದ್ದಕ್ಕೆ ಕಾರಣವಿದೆ. ಕೋಲಾರದ ಕಡೆಯ ಒಣ ಕುರುಚಲಿನ ನಕ್ಷತ್ರ ಆಮೆ ನೆಲದ ಜೀವಿ, ಈಜಲಾರದು. ಯಾರೋ ಸಾಕಲು ತಂದದ್ದು ತಪ್ಪಿಸಿಕೊಂಡು ಸಿಕ್ಕರೆ, ಅದನ್ನು ಬಕೆಟ್ ನೀರಿಗೆ ಹಾಕುವುದು ಕೊಂದಂತೆಯೇ.

ಚಿಪ್ಪು ಒಡೆದಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ ಇಟ್ಟು, ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಚಿಪ್ಪು ಕವಚವಷ್ಟೇ ಅಲ್ಲ, ಪಕ್ಕೆಲುಬು ಸೇರಿ ಆದ ಜೀವಂತ ಮೂಳೆ. ಮುಟ್ಟಿದರೆ ಅದಕ್ಕೆ ತಿಳಿಯುತ್ತದೆ, ಒಡೆದರೆ ನೋಯುತ್ತದೆ.

ಮನೆಯಲ್ಲಿ ಆಮೆ ಇದ್ದರೆ ಲಕ್ಷ್ಮಿ ಒಲಿಯುತ್ತಾಳೆಂದು ಅಜ್ಜಿ ಹೇಳಬಹುದು. ಆದರೆ ಲೀತ್, ಫ್ಲಾಪ್‌ಶೆಲ್, ನಕ್ಷತ್ರ ಈ ಮೂರೂ ಆಮೆಗಳು 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಸಾಕಿದರೆ ಅಪರಾಧ. ಮಹಾರಾಷ್ಟ್ರದ ಶಿವಾಲಯಗಳಲ್ಲಿ ಗರ್ಭಗುಡಿಯ ಎದುರು ಕಲ್ಲಿನ ಆಮೆ ಇರುತ್ತದಲ್ಲ, ಅಜ್ಜಿಯನ್ನು ಅಲ್ಲಿಗೆ ಕರೆದೊಯ್ಯಿರಿ.

ಆಮೆಯನ್ನು ಮುಟ್ಟಿದ ಕೈಯನ್ನು ಬಾಯಿಗೆ ತಾಗಿಸುವ ಮುನ್ನ ಸೋಪು ಹಾಕಿ 20 ಸೆಕೆಂಡ್ ತೊಳೆಯಬೇಕು. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಅದರಿಂದ ಭೇದಿ, ಜ್ವರ ಜೋರಾಗಿಯೇ ಬರಬಹುದು. ಕಿರಿಯ ಮಗುವಿದ್ದರೆ ಅಕ್ಕನೋ ಅಣ್ಣನೋ ಮುಟ್ಟಿದ ಕೈಯನ್ನೂ ನೀವೇ ನಿಂತು ತೊಳೆಸಿ.