ಪಟ್ಟಿಗಿಂತ ಮೊದಲು ಹಾಳೆ

ಮಗೂ, ರ‍್ಯಾಪ್ ಹಾಡುತ್ತೇನೆಂದು ಹೊರಟಿದ್ದೀಯ, ಸಂತೋಷ. ಆದರೆ ಹಾಡು ಬಿಟ್ಟ ಮಾರನೆಯ ದಿನವೇ ಎಷ್ಟು ಜನ ಕೇಳಿದರೆಂದು ಲೆಕ್ಕ ನೋಡುತ್ತಾ ಕೂರುವುದು, ಸಂಖ್ಯೆ ಏರಲಿಲ್ಲವೆಂದು ಮುಖ ಬಾಡಿಸಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ನೀನು ಮೆಚ್ಚುವ ಅಮೆರಿಕದ ರ‍್ಯಾಪರ್ ಎಮಿನೆಮ್ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೆ ಹೇಗೆ ಬಂದ ಎಂಬುದನ್ನು ಒಮ್ಮೆ ಸಾವಧಾನವಾಗಿ ನೋಡು.

ಅವನ ನಿಜ ಹೆಸರು ಮಾರ್ಷಲ್ ಮ್ಯಾಥರ್ಸ್, ಹುಟ್ಟಿದ್ದು 1972ರಲ್ಲಿ. ಡೆಟ್ರಾಯಿಟ್‌ನಲ್ಲಿ ಬಡತನದಲ್ಲೇ ಬೆಳೆದ. ಒಂಬತ್ತನೇ ತರಗತಿಯಲ್ಲಿ ಮೂರು ಸಲ ನಪಾಸಾಗಿ ಶಾಲೆ ಬಿಟ್ಟು, ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆದ, ಅಡುಗೆ ಮಾಡಿದ. 1996ರಲ್ಲಿ ಬಂದ ಮೊದಲ ಆಲ್ಬಂ ‘ಇನ್ಫಿನಿಟ್’ ಖರ್ಚಾದದ್ದು ಸಾವಿರ ಪ್ರತಿಗಳ ಆಸುಪಾಸು. ಇದು ನ್ಯೂಯಾರ್ಕಿನ ರ‍್ಯಾಪರ್ ನಾಸ್‌ನಂತೆ ಕೇಳಿಸುತ್ತದೆ ಎಂದರು ಜನ. ಆ ಮಾತು ಅವನಿಗೆ ನಾಟಿತು. ಎರವಲು ದನಿ ಬಿಟ್ಟು ತನ್ನ ಸಿಟ್ಟು, ತನ್ನ ಅವಮಾನ, ತನ್ನ ವಿಕಟ ಹಾಸ್ಯವನ್ನೇ ಹಾಡಿಗೆ ತಂದ. 1997ರಲ್ಲಿ ಲಾಸ್ ಏಂಜಲೀಸ್‌ನ ರ‍್ಯಾಪ್ ಒಲಿಂಪಿಕ್ಸ್ ಸ್ಪರ್ಧೆಯಲ್ಲಿ ಎರಡನೆಯವನಾಗಿ ಉಳಿದರೂ, ಅವನ ಹೊಸ ಹಾಡುಗಳು ಹೆಸರಾಂತ ಸಂಗೀತ ನಿರ್ಮಾಪಕ ಡಾ. ಡ್ರೆ ಕಿವಿಗೆ ಬಿದ್ದವು. 1999ರ ಅವನ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಬಂತು. 2000ದ ‘ದ ಮಾರ್ಷಲ್ ಮ್ಯಾಥರ್ಸ್ ಎಲ್‌ಪಿ’ ಅಮೆರಿಕದಲ್ಲಿ ಮೊದಲ ವಾರವೇ 17 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.

ಇಷ್ಟೆಲ್ಲ ಆದ ಮೇಲೆ, 2010ರಲ್ಲಿ, ಟಿವಿ ಸಂದರ್ಶನವೊಂದರಲ್ಲಿ ಅವನು ಒಂದು ಪೆಟ್ಟಿಗೆ ತೆರೆದು ತೋರಿಸಿದ. ಒಳಗೆ ಬಿಡಿ ಹಾಳೆಗಳು, ಹೋಟೆಲಿನ ಚೀಟಿಗಳು. ಅವುಗಳ ತುಂಬ ಸಣ್ಣ ಅಕ್ಷರದಲ್ಲಿ ಅಡ್ಡಾದಿಡ್ಡಿ ಗೀಚಿದ ಪದಗಳು. ಪ್ರಾಸವೇ ಸಿಗದು ಎಂದು ಇಂಗ್ಲಿಷಿನವರು ಕೈಬಿಟ್ಟ ‘ಆರೆಂಜ್’ ಪದವನ್ನೂ ಉಚ್ಚಾರ ಎಳೆದು, ಒಡೆದು ಹೊಂದಿಸಿ ತೋರಿಸಿದ. ಸಾಲಿನ ಕೊನೆಗೊಂದು ಪ್ರಾಸ ಇಟ್ಟು ಕೈತೊಳೆದುಕೊಳ್ಳುವವನಲ್ಲ ಅವನು. ಸಾಲಿನೊಳಗೇ ನಾಲ್ಕಾರು ಕಡೆ ಸ್ವರ ಸೇರಿಸುತ್ತಾನೆ. ನಮ್ಮಲ್ಲಿ ಸಾಲುಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಕಟ್ಟಿದ ಕವಿಗಳಿದ್ದಾರೆ. ಕನ್ನಡದಲ್ಲಿ ಹಾಡುವ ನೀನು ಅವರನ್ನು ಓದಿ ಪಳಗಬೇಕು.

ಇನ್ನೊಂದು ಮಾತನ್ನೂ ಮನಸ್ಸಿಟ್ಟು ಕೇಳು. ‘ಲೂಸ್ ಯುವರ್‌ಸೆಲ್ಫ್’ ಎಂಬ ಅವನ ಹಾಡು 12 ವಾರ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಆಸ್ಕರ್ ಗೆದ್ದ ಮೊದಲ ರ‍್ಯಾಪ್ ಹಾಡೂ ಅದೇ. ಆದರೆ ಆ ಕೀರ್ತಿ ಅವನನ್ನು ಕಾಯಲಿಲ್ಲ. ಮಾತ್ರೆಗಳ ಚಟ ಹಿಡಿಯಿತು. 2006ರಲ್ಲಿ ಆಪ್ತ ಗೆಳೆಯ ಪ್ರೂಫ್ ಗುಂಡೇಟಿಗೆ ಬಲಿಯಾದ ಮೇಲೆ ಅದು ಇನ್ನೂ ಉಲ್ಬಣಿಸಿ, 2007ರ ಕೊನೆಗೆ ಸಾವಿನ ಬಾಗಿಲಿಗೆ ಹೋಗಿ ಬಂದ. 2008ರಲ್ಲಿ ಚಟ ಬಿಟ್ಟ. ನೆರವು ಪಡೆದು, ವ್ಯಾಯಾಮ ಹಿಡಿದು, ಹಾಡುವುದನ್ನೇ ಮತ್ತೆ ಮೊದಲಿಂದ ಕಲಿತವನಂತೆ ದುಡಿದ. ಮನಸ್ಸು ಕುಸಿದ ದಿನ ನೀನೂ ಹಿಂಜರಿಯದೆ ಯಾರಲ್ಲಾದರೂ ಹೇಳಿಕೋ. ಅವನ ಶ್ರಮವನ್ನು ಕಲಿ. ಹೆಂಗಸರನ್ನೂ ಸಲಿಂಗಿಗಳನ್ನೂ ಹೀನಾಯವಾಗಿ ಬೈದ ಮಾತುಗಳನ್ನು ಕಲಿಯಬೇಡ. ಕೌಶಲ ಇದೆಯೆಂದು ಆಡಿದ್ದೆಲ್ಲ ಒಪ್ಪಾಗುವುದಿಲ್ಲ.

ಪಟ್ಟಿಯ ಮೇಲೆ ನಿನ್ನ ಹಿಡಿತವಿಲ್ಲ, ಬರೆಯುವ ಹಾಳೆಯ ಮೇಲೆ ಇದೆ. ದಿನಾ ಹದಿನಾರು ಸಾಲು ಬರಿ. ಗಟ್ಟಿಯಾಗಿ ಓದು, ಬೇರೆಯವರ ದನಿ ಕೇಳಿಸಿದ ಸಾಲನ್ನು ದಾಕ್ಷಿಣ್ಯವಿಲ್ಲದೆ ಹೊಡೆದುಹಾಕು. ಉಳಿದದ್ದು ಎರಡೇ ಸಾಲಾದರೂ ಅದು ನಿನ್ನದು. ನಾಳೆ ಅಲ್ಲಿಂದ ಮುಂದುವರಿಸು.