ತಗೊಳ್ಳಲೂ ಇಲ್ಲ, ಕೊಡಲೂ ಇಲ್ಲ

ಪ್ರಶ್ನೆ: ಮೇಡಂ, 2020ರ ಆಗಸ್ಟ್‌ನಲ್ಲಿ ನನ್ನ ತಮ್ಮ ಬೈಕ್‌ನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಮಿದುಳು ನಿಷ್ಕ್ರಿಯವಾಗಿದೆ ಎಂದರು. ಅಂಗಾಂಗ ದಾನದ ಮಾತೆತ್ತಿದ್ದೇ ಅಮ್ಮ, ಸಹಿ ಹಾಕಿದ್ದೂ ಅವರೇ. ಆಸ್ಪತ್ರೆಗೆ ಸೇರಿಸುವಾಗ ಕೋವಿಡ್ ನೆಗೆಟಿವ್ ಇತ್ತು, ದಾನಕ್ಕೆ ಮುಂಚೆ ಮತ್ತೆ ಮಾಡಿದ ಟೆಸ್ಟ್ ಪಾಸಿಟಿವ್ ಬಂತು. ಅವನಿಗೆ ನೆಗಡಿ ಕೂಡ ಇರಲಿಲ್ಲ. ಕಣ್ಣು ಸಹ ಬೇಡ ಎಂದರು. ಆಮೇಲೆ ಚೀಲದಲ್ಲಿ ಸುತ್ತಿ ನೇರ ಸ್ಮಶಾನಕ್ಕೆ ಒಯ್ದರು, ಮುಖವನ್ನೂ ತೋರಿಸಲಿಲ್ಲ. “ತಗೊಳ್ಳಲೂ ಇಲ್ಲ, ಕೊಡಲೂ ಇಲ್ಲ” ಎಂದು ಅಮ್ಮ ಇವತ್ತಿಗೂ ಅನ್ನುತ್ತಾರೆ. ಮರುವರ್ಷ ನಟ ಸಂಚಾರಿ ವಿಜಯ್ ಅವರ ಅಂಗಾಂಗ ದಾನದ ಸುದ್ದಿ ಬಂದಾಗ ಟಿವಿ ಆರಿಸಿಬಿಟ್ಟರು. ಈಗ ನಾನು ದಾನಕ್ಕೆ ಹೆಸರು ನೋಂದಾಯಿಸಿ ತಂದ ಕಾರ್ಡನ್ನು ಹರಿದು ಹಾಕಿದ್ದಾರೆ. ಏನು ಹೇಳಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅಮ್ಮನ ಆ ಮಾತಿನಲ್ಲಿ ಎರಡು ನೋವು ಒಂದೇ ಗಂಟಾಗಿವೆ: ಅಂಗ ತಗೊಳ್ಳಲಿಲ್ಲ, ಮಗನನ್ನು ಕೈಗೆ ಕೊಡಲೂ ಇಲ್ಲ. ಟೆಸ್ಟು, ನಿಯಮ ಅಂತ ನೀವು ವಿವರಿಸಿದಾಗಲೆಲ್ಲ ಉತ್ತರ ಸಿಗುವುದು ಮೊದಲನೆಯದಕ್ಕೆ. ಅವರು ಸಂಕಟಪಡುತ್ತಿರುವುದು ಹೆಚ್ಚಾಗಿ ಎರಡನೆಯದಕ್ಕೆ ಅಂತ ನನಗೆ ಅನ್ನಿಸುತ್ತದೆ. ಆದರೂ ಮೊದಲನೆಯದು ನಿಮಗೇ ಪೂರ್ತಿ ಸಮಾಧಾನವಾದಂತಿಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಬೇರೆಯವರ ಕಿಡ್ನಿಯನ್ನೋ ಲಿವರನ್ನೋ ದೇಹ ತಿರಸ್ಕರಿಸದಿರಲಿ ಎಂದು ಕಸಿಯಾದವರಿಗೆ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವ ಮಾತ್ರೆ ಕೊಡುತ್ತಾರೆ. ಆಪರೇಷನ್ ಆದ ಹೊಸತರಲ್ಲಿ ಅದರ ಪ್ರಮಾಣ ತುಂಬ ಜಾಸ್ತಿ. 2020ರ ಆಗಸ್ಟ್‌ನಲ್ಲಿ ಲಸಿಕೆಯೂ ಬಂದಿರಲಿಲ್ಲ. ಅದೇ ವರ್ಷ ಅಮೆರಿಕದ ಮಿಷಿಗನ್‌ನಲ್ಲಿ, ಮೂಗಿನ ಸ್ವ್ಯಾಬ್ ನೆಗೆಟಿವ್ ಬಂದಿದ್ದ ದಾನಿಯ ಶ್ವಾಸಕೋಶವನ್ನು ಒಬ್ಬ ಮಹಿಳೆಗೆ ಕಸಿ ಮಾಡಿದರು. ಮೂರೇ ದಿನಕ್ಕೆ ಆಕೆಗೆ ಜ್ವರ ಬಂತು, 61ನೇ ದಿನ ತೀರಿಕೊಂಡರು. ಆಪರೇಷನ್ ಮಾಡಿದ ಒಬ್ಬ ಸರ್ಜನ್‌ಗೂ ಸೋಂಕು ತಗುಲಿತು. ನೆಗೆಟಿವ್ ಅಂದವರದ್ದೇ ಹೀಗಾದರೆ, ಪಾಸಿಟಿವ್ ಅಂದಾಗ ಹೆಜ್ಜೆ ಇಡಲು ಯಾರಿಗೆ ಧೈರ್ಯ ಬಂದೀತು? ಲಕ್ಷಣವೇ ಇಲ್ಲದೆ ಸೋಂಕು ಬಂದು ಹೋಗುವುದೂ ಉಂಟು, ಆರ್‌ಟಿ–ಪಿಸಿಆರ್ ಅದರ ಉಳಿಕೆಯನ್ನು ವಾರಗಟ್ಟಲೆ ತೋರಿಸುತ್ತಿರುತ್ತದೆ. ನಿಮ್ಮ ತಮ್ಮನ ರಿಪೋರ್ಟ್ ಅಂಥದ್ದೇ ಇದ್ದಿರಬಹುದು. ಅದನ್ನು ಬೇರ್ಪಡಿಸಿ ನೋಡುವಷ್ಟು ಸಮಯ ಆ ಹೊತ್ತಿನಲ್ಲಿ ಯಾರ ಕೈಯಲ್ಲೂ ಇರಲಿಲ್ಲ.

ಶ್ವಾಸಕೋಶದ ಮಾತು ಬೇರೆ. ಕಿಡ್ನಿ, ಲಿವರ್‌ಗಳಿಂದ ಸೋಂಕು ದಾಟಿದ್ದಕ್ಕೆ ಪುರಾವೆ ಸಿಗದೆ ಹೋದ್ದರಿಂದ, ಈಗ ಹಲವು ದೇಶಗಳಲ್ಲಿ ಪಾಸಿಟಿವ್ ದಾನಿಗಳ ಅಂಗಗಳನ್ನೂ ವಿವೇಚಿಸಿ ಬಳಸುತ್ತಾರೆ. ಈ ಸುದ್ದಿ ಅಮ್ಮನ ಕಿವಿಗೆ ಬಿದ್ದರೆ ಗಾಯ ಮತ್ತೆ ಹಸಿಯಾಗುತ್ತದೆ, ಸಿದ್ಧವಾಗಿರಿ. ಅಂದಿನ ವೈದ್ಯರಿಗೆ ಈ ಅನುಭವ ಇರಲಿಲ್ಲ ಎಂಬುದಷ್ಟೇ ನಿಜವಾದ ಉತ್ತರ. “ನನ್ನ ಮಗ ಬೇಡವಾದ” ಎಂದು ಅವರು ತಿಳಿದಿದ್ದರೆ, ಅದು ಹಾಗಲ್ಲ. ಅವನ ಅಂಗ ಪಡೆಯಬೇಕಿದ್ದ, ಹೆಸರೂ ಗೊತ್ತಿಲ್ಲದ ಒಬ್ಬರ ಜೀವಕ್ಕೆ ಹೆದರಿ ಬೇಡ ಎಂದರು.

ಕರ್ನಾಟಕದಲ್ಲಿ 2019ರಲ್ಲಿ 105 ಮಂದಿಯ ಅಂಗಾಂಗ ದಾನ ಆಗಿತ್ತು. 2020ರಲ್ಲಿ ಅದು 35ಕ್ಕೆ ಕುಸಿಯಿತು. ಲಾಕ್‌ಡೌನ್‌ನಲ್ಲಿ ರಸ್ತೆ ಬರಿದಾಗಿತ್ತು, ಐಸಿಯು ಹಾಸಿಗೆಗಳು ಹೆಚ್ಚಾಗಿ ಕೋವಿಡ್‌ಗೆ ಮೀಸಲಾಗಿದ್ದವು, ಕಾಯುತ್ತಿದ್ದ ರೋಗಿಗಳೇ ಆಸ್ಪತ್ರೆ ಮೆಟ್ಟಿಲು ಹತ್ತಲು ಅಂಜುತ್ತಿದ್ದರು. ಸಹಿ ಹಾಕಿಯೂ ಕೈಗೂಡದ ನಿಮ್ಮಂಥ ಮನೆಗಳು ಆ 35ರ ಲೆಕ್ಕಕ್ಕೆ ಬರುವುದೇ ಇಲ್ಲ. ನಿಮ್ಮ ಅಮ್ಮನಿಗೆ ಯಾರೂ ಕೃತಜ್ಞತೆಯ ಒಂದು ಮಾತು ಹೇಳಿರಲಾರರು.

ಇನ್ನು “ಕೊಡಲೂ ಇಲ್ಲ” ಎಂಬುದು. ಇಲ್ಲಿ ನಾನು ಅಮ್ಮನ ಪರ. ಕೇಂದ್ರ ಆರೋಗ್ಯ ಸಚಿವಾಲಯದ 2020ರ ಮಾರ್ಚ್ ಮಾರ್ಗಸೂಚಿಯಲ್ಲೇ ಎಚ್ಚರ ವಹಿಸಿ ಚೀಲದ ಜಿಪ್ ಸರಿಸಿ, ಮನೆಯವರಿಗೆ ಮುಖ ತೋರಿಸಲು ಅವಕಾಶವಿತ್ತು. ಮೈ ತೊಳೆಯುವುದು, ಅಪ್ಪಿಕೊಳ್ಳುವುದಕ್ಕಷ್ಟೇ ತಡೆ. ಭಯದಲ್ಲಿ ಎಷ್ಟೋ ಕಡೆ ಅಷ್ಟನ್ನೂ ಮಾಡಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದು. “ಅದೆಲ್ಲ ಆಗ ಹಾಗೇ ಇತ್ತಮ್ಮ” ಎಂದು ತೇಲಿಸಬೇಡಿ. “ಮುಖ ತೋರಿಸಬೇಕಿತ್ತು, ತೋರಿಸಲಿಲ್ಲ, ತಪ್ಪು” ಎಂದು ನಿಮ್ಮ ಬಾಯಿಂದ ಒಮ್ಮೆ ಬರಲಿ. ಆಮೇಲೆ ಅವರು ಆ ದಿನವನ್ನು ಮೊದಲಿಂದ ಹೇಳಲು ಶುರು ಮಾಡಬಹುದು. ನಡುವೆ ಬಾಯಿ ಹಾಕದೆ ಕೇಳಿ, ನೂರು ಸಲ ಕೇಳಿದ್ದರೂ ಸರಿ. ನಿದ್ದೆ, ಊಟ ಕೆಟ್ಟಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ದುಃಖಕ್ಕೆ ಇಷ್ಟು ವರ್ಷವಾಯಿತಲ್ಲ ಎಂದು ಅವರು ಗದರುವುದಿಲ್ಲ.

ಕಾರ್ಡಿನ ಚಿಂತೆ ಬಿಡಿ, ಹರಿದರೆ ನೋಂದಣಿ ಅಳಿಸಿ ಹೋಗುವುದಿಲ್ಲ. ಆದರೆ ನೀವು ಎಷ್ಟೇ ನೋಂದಾಯಿಸಿಕೊಂಡರೂ ಆ ಗಳಿಗೆಯಲ್ಲಿ ಆಸ್ಪತ್ರೆಯವರು ಕೇಳುವುದು ಮನೆಯವರ ಒಪ್ಪಿಗೆಯನ್ನು. ಅಂದರೆ ಮತ್ತೊಂದು ಮಗುವಿಗಾಗಿ ಮತ್ತೊಂದು ಸಹಿಯನ್ನು ನೀವು ಅಮ್ಮನಿಂದಲೇ ಕೇಳುತ್ತಿದ್ದೀರಿ. ಹರಿದದ್ದು ಆ ಭಯಕ್ಕೆ ಇರಬಹುದು, ದಾನದ ಮೇಲಿನ ಮುನಿಸಿಗೆ ಅಲ್ಲ. ಮದುವೆಯಾಗಿದ್ದರೆ ಸಂಗಾತಿಗೆ ಹೇಳಿಡಿ, ಅಮ್ಮನ ಮೇಲೆ ಆ ಭಾರ ಬೇಡ. ಅಮ್ಮನ ಜೊತೆ ಇದನ್ನೆಲ್ಲ ಮಾತಾಡಲು ತಮ್ಮನ ತಿಥಿಯ ದಿನವನ್ನು ಮಾತ್ರ ಆರಿಸಬೇಡಿ, ಅಂದು ಮನೆ ತುಂಬ ನೆಂಟರಿರುತ್ತಾರೆ, ತಲೆಗೊಂದು ಬುದ್ಧಿ ಹೇಳುತ್ತಾರೆ.